ಹಸನು ಮಾಡಿಕೊಟ್ಟ ಹೊಲ

ನಮ್ಮೂರಲ್ಲಿ ಒಬ್ಬನ ಮಾನ ಕಳೆಯಬೇಕೆಂದರೆ ಅವನ ಅಪ್ಪ ಅವ್ವನ ಸುದ್ದಿಗೆ ಹೋಗಬೇಕಾಗಿಲ್ಲ. ಅವನ ಹೊಲ ನೋಡಿದಿರೇನು ಎಂದು ಕೇಳಿದರೆ ಸಾಕು. ಕೇಳಿಸಿಕೊಂಡವರು ತುಟಿ ಓರೆ ಮಾಡಿ ಬೇರೆ ಕಡೆ ನೋಡುತ್ತಾರೆ. ಮೂರು ವರ್ಷ ನಾನು ಬಸ್ಸಿನಿಂದ ಇಳಿದಾಗಲೆಲ್ಲ ಆ ಓರೆ ತುಟಿಗಳನ್ನು ದಾಟಿಕೊಂಡೇ ಹೊಲಕ್ಕೆ ಹೋಗಿದ್ದೇನೆ. ನಾನು ಮಾಡಿದ ಅಪರಾಧ ಇಷ್ಟೇ: ನಮ್ಮ ನಾಲ್ಕು ಎಕರೆಗೆ ರಂಟಿ ಹೊಡೆಯುವುದನ್ನು ಬಿಟ್ಟಿದ್ದೆ. ರಂಟಿ ಅಂದರೆ ನೇಗಿಲು. ನೇಗಿಲು ಕಾಣದ ಹೊಲ ನಮ್ಮವರ ಕಣ್ಣಿಗೆ ಪಾಳು ಬಿದ್ದ ಹೊಲ, ಅದರ ಒಡೆಯ ಮೈಗಳ್ಳ. ಇದರಲ್ಲಿ ಎರಡನೇ ಮಾತೇ ಇಲ್ಲ.

ಊರು ಖಾನಾಪುರದಿಂದ ಮೂಡಣಕ್ಕಿದೆ. ಬೆಳಗಾವಿಯವರಿಗೆ ಖಾನಾಪುರ ಅಂದರೆ ಬರೀ ಅಡವಿ, ಮಳೆ, ಭತ್ತದ ಗದ್ದೆ. ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ನಾನು ಕೆಲಸ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಬಾಜು ಲೇಥಿನ ಮೇಲೆ ನಿಲ್ಲುವವನಿಗೆ ನಮ್ಮ ಕಡೆ ಬಿಳಿಜೋಳ ಬೆಳೆಯುತ್ತದೆ ಅಂತ ನಂಬಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಕೊನೆಗೆ ಒಂದು ಚೀಲ ಜೋಳ ತಂದು ಅವನ ಮುಂದೆ ಇಟ್ಟೆ. ಇದನ್ನು ಸಾಂಬ್ರಾದ ಸಂತೆಯಲ್ಲಿ ಕೊಂಡೆಯೇನು ಎಂದು ಕೇಳಿದ. ಪಡುವಣಕ್ಕೆ ಅಡವಿ ಇರುವುದು ಖರೇ. ಮೂಡಣಕ್ಕೆ ಹೊರಟರೆ ಮಣ್ಣು ಕಪ್ಪಾಗುತ್ತ ಹೋಗುತ್ತದೆ, ಮಳೆ ಕಡಿಮೆಯಾಗುತ್ತ ಹೋಗುತ್ತದೆ. ನಮ್ಮದು ಎರಿ, ಅಂದರೆ ಕಪ್ಪು ಮಣ್ಣಿನ ಹೊಲ. ಬಾವಿ ಇಲ್ಲ, ಕಾಲುವೆ ಇಲ್ಲ. ಮೇಲಿನವನು ಕೊಟ್ಟದ್ದರಲ್ಲಿ ಮಣ್ಣು ಎಷ್ಟು ಹಿಡಿದಿಟ್ಟುಕೊಳ್ಳುತ್ತದೋ ಅಷ್ಟೇ ಬೆಳೆ.

ಅಪ್ಪ ಇದ್ದಾಗ ಮುಂಗಾರಿಯಲ್ಲಿ ಹೊಲ ಖಾಲಿ ಇರುತ್ತಿತ್ತು. ಬೇಸಿಗೆಯಲ್ಲಿ ರಂಟಿ ಹೊಡೆದು ಮಣ್ಣಿನ ಹೆಂಟೆ ಎಬ್ಬಿಸುವುದು, ಮಳೆಗಾಲದಲ್ಲಿ ಮಳೆ ಬಿಡುವು ಕೊಟ್ಟಾಗಲೆಲ್ಲ ಮೇಲ್ಮಣ್ಣು ಕೆದರುವ ಕುಂಟಿ ಹೊಡೆದು ಹರಗುವುದು, ಒಂದು ಹುಲ್ಲಿನ ಎಸಳೂ ತಲೆ ಎತ್ತದಂತೆ ನೋಡಿಕೊಳ್ಳುವುದು, ಹಿಂಗಾರಿಗೆ ಜೋಳ ಬಿತ್ತುವುದು. ಇದಕ್ಕೆ ನಮ್ಮವರು ಹೊಲ ಹಸನು ಮಾಡುವುದು ಅನ್ನುತ್ತಾರೆ. ಹಸನಾದ ಹೊಲ ಹಾಸಿದ ಕಂಬಳಿಯಂತೆ ಕಾಣುತ್ತದೆ, ಅದರ ಚೆಂದಕ್ಕೆ ನಾನೂ ಮರುಳಾದವನೇ. ದೊಡ್ಡ ಮಳೆ ಬಂದಾಗ ಆ ಕಂಬಳಿಯ ಮೇಲಿಂದ ಚಹಾದ ಬಣ್ಣದ ನೀರು ಹರಿದು ಹಳ್ಳ ಸೇರುತ್ತಿತ್ತು. ನಾವೆಲ್ಲ ಬದುವಿನ ಮೇಲೆ ನಿಂತು ನಮ್ಮ ಮಣ್ಣು ಹೋಗುವುದನ್ನು ನೋಡುತ್ತಿದ್ದೆವು. ಛಲೋ ಮಳೆಯಾಯಿತು ಎಂದು ಮಾತಾಡುತ್ತ ಮನೆಗೆ ಬರುತ್ತಿದ್ದೆವು.

ಅಪ್ಪ ತೀರಿಕೊಂಡ ವರ್ಷ ನನಗೆ ಕೆಲಸ ಒಂದೂ ವೇಳೆಗೆ ಸರಿಯಾಗಿ ಆಗಲಿಲ್ಲ. ಹಳ್ಳದ ಕಡೆಯ ಮೂಲೆಯಲ್ಲಿ ಒಂದಿಷ್ಟು ಹೆಸರುಕಾಳು ಬಿತ್ತಿದ್ದೆ. ಕಾಯಿ ಬಿಡಿಸಿಕೊಂಡು ಗಿಡ ಹಾಗೇ ಬಿಟ್ಟಿದ್ದೆ. ಹರಗಲಿಕ್ಕೆ ಪುರಸೊತ್ತು ಸಿಗದೆ, ಆ ಒಣಗಿದ ಗಿಡಗಳ ನಡುವೆಯೇ ಜೋಳ ಬಿತ್ತಿ ಬೆಳಗಾವಿಗೆ ಬಂದೆ. ಚಳಿಗಾಲ ಕಳೆಯುವ ಹೊತ್ತಿಗೆ ಹಸನಾದ ಹೊಲವೆಲ್ಲ ಕಾಲು ಸಿಕ್ಕುವಷ್ಟು ಬಿರಿದು ಜೋಳದ ಎಲೆ ಸುರುಳಿ ಸುತ್ತಿಕೊಂಡಿತ್ತು. ಆ ಹೊಲಸು ಮೂಲೆ ಮಾತ್ರ ಹಸಿರಾಗಿತ್ತು. ಕೈಯಿಂದ ಕೆದರಿ ನೋಡಿದೆ, ಬೆರಳಿಗೆ ತೇವ ಹತ್ತಿತು.

ಫೋನಿನಲ್ಲಿ ಹುಡುಕಿದರೆ ಹೊರದೇಶದ ರೈತರು ಹೀಗೇ ಉಳದೆ ಬಿತ್ತುವ ವಿಡಿಯೊ ಸಿಕ್ಕವು. ಮನೆಯಷ್ಟು ದೊಡ್ಡ ಯಂತ್ರಗಳು, ಕಣ್ಣು ಹಾಯುವ ತನಕ ಹೊಲ. ನಮ್ಮ ಎತ್ತುಗಳಿಗೆ ಅಂಥ ಯಂತ್ರ ಎಲ್ಲಿಂದ ತರಬೇಕು? ಕಾರ್ಖಾನೆಯ ಮಾಲಕರನ್ನು ಕೇಳಿ ಒಂದು ರವಿವಾರ ಉಳಿದಬಳಿದ ಉಕ್ಕಿನ ಪಟ್ಟಿಯಲ್ಲಿ ಅಪ್ಪನ ಬಿತ್ತುವ ಕೂರಿಗೆಗೆ ಹೊಸ ತಾಳು ಮಾಡಿಕೊಂಡೆ. ತಾಳು ಅಂದರೆ ಬೀಜ ಬೀಳಲಿಕ್ಕೆ ಮಣ್ಣು ಸೀಳುವ ಕಾಲು. ಅಗಲವಾದದ್ದು ಕಸವನ್ನೆಲ್ಲ ಬಾಚಿಕೊಂಡು ನಿಂತುಬಿಡುತ್ತದೆ, ನಾನು ಮಾಡಿದ್ದು ಚೂರಿಯ ಹಾಗೆ ತೆಳ್ಳಗಿತ್ತು. ಮೊದಲಿನದು ಬಾಗಿತು, ಆಮೇಲಿನದು ಮುರಿಯಿತು. ಕಾಕಾ ಎತ್ತುಗಳನ್ನು ನಿಲ್ಲಿಸಿ ಬೀಡಿ ಹಚ್ಚಿಕೊಂಡು ನೋಡುತ್ತಿದ್ದರು. ಅವರಿಗೆ ನಗು ಬರುತ್ತಿತ್ತು, ಆದರೆ ನಗಲಿಲ್ಲ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಬದುವಿನ ಆಚೆಯದೇ ಅವರ ಹೊಲ. ಊರಲ್ಲಿ ಇನ್ನೂ ಎತ್ತು ಕಟ್ಟಿದ ಕೆಲವೇ ಮನೆಗಳಲ್ಲಿ ಅವರದೊಂದು. ನನ್ನ ಬಿತ್ತನೆಗೆ ಅವರ ಎತ್ತು ಬರುತ್ತವೆ, ಅವರ ಮನೆಯಲ್ಲಿ ಕಬ್ಬಿಣದ್ದು ಏನು ಕೆಟ್ಟರೂ ನಾನು ಸರಿ ಮಾಡಿಕೊಡುತ್ತೇನೆ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ನಮ್ಮ ಕಡೆ ಇದಕ್ಕೆ ಮುಯ್ಯಿ ಅನ್ನುತ್ತಾರೆ. ಅಪ್ಪ ಹೋದ ಮೇಲೆ ನನಗೆ ಊರು ಅಂತ ಉಳಿದದ್ದು ಈ ಕಾಕಾ ಮತ್ತು ಈ ಮುಯ್ಯಿ.

ನನ್ನ ಯೋಚನೆ ಸರಳವಾಗಿತ್ತು. ಮುಂಗಾರಿಗೆ ಹೆಸರು, ಅದರ ಗಿಡ ನೆಲದ ಮೇಲೇ ಇರಬೇಕು, ಅದರ ನಡುವೆ ಹಿಂಗಾರಿಗೆ ಜೋಳ, ಕೊಯ್ದ ಜೋಳದ ಕೂಳೆಯೂ ಅಲ್ಲೇ ನಿಲ್ಲಬೇಕು, ಮತ್ತೆ ಅದರ ನಡುವೆ ಹೆಸರು. ಹೊಲ ಒಂದು ದಿನವೂ ಬೆತ್ತಲೆ ಇರಬಾರದು, ಬುಡಮೇಲಾಗಲೂಬಾರದು. ಹೇಳಲಿಕ್ಕೆ ಸರಳ. ಮಾಡಹೊರಟಾಗ ನಮ್ಮೂರಿನ ಒಂದೊಂದು ಪದ್ಧತಿಯೂ ನನ್ನ ಕಾಲಿಗೆ ತೊಡಕಾಯಿತು.

ಮೊದಲು ಕಸ. ಕುಂಟಿ ಬಿಟ್ಟ ಹೊಲದಲ್ಲಿ ಅದು ಹಬ್ಬ ಮಾಡಿತು. ನಾನು, ನನ್ನ ಹೆಂಡತಿ ರವಿವಾರ ಬೆಳಗಿನ ಬಸ್ಸಿಗೆ ಬೆಳಗಾವಿಯ ಅನಗೋಳದ ಮನೆಯಿಂದ ಹೊರಟು ಸಂಜೆಯ ತನಕ ಕೂತು ಕಿತ್ತೆವು. ಅವಳು ಖಾನಾಪುರ ಪೇಟೆಯಲ್ಲಿ ಬೆಳೆದವಳು, ಮನೆಯಲ್ಲಿ ಮರಾಠಿ ಆಡಿದವಳು, ಮದುವೆಗೆ ಮುಂಚೆ ಕಸ ಕೀಳುವ ಕುರ್ಚಗಿ ಹಿಡಿದವಳಲ್ಲ. ಮಳೆಗಾಲದ ರವಿವಾರಗಳನ್ನೆಲ್ಲ ನನ್ನ ಹುಚ್ಚಿಗೆ ಕೊಟ್ಟಳು. ಬೈಯುತ್ತಲೇ ಕೊಟ್ಟಳು, ಅದು ಬೇರೆ. ಅಕ್ಕಪಕ್ಕದವರ ಸಿನಿಮಾ, ಮದುವೆ, ತವರಿನ ಊಟ ಎಲ್ಲದರ ಪಟ್ಟಿ ಹೇಳುತ್ತ ಕಸ ಕೀಳುವುದು ಅವಳ ರೂಢಿ.

ಆಮೇಲೆ ಕುರಿ. ಸುಗ್ಗಿ ಮುಗಿದ ಮೇಲೆ ಕುರಿಯವರು ಹೊಲದಲ್ಲಿ ಮಂದೆ ತರುಬುತ್ತಾರೆ, ಅಂದರೆ ರಾತ್ರಿ ಕೂಡಿಹಾಕುತ್ತಾರೆ. ಗೊಬ್ಬರವಾಗುತ್ತದೆ ಎಂದು ಜನ ಕರೆದು ತರುಬಿಸಿಕೊಳ್ಳುತ್ತಾರೆ. ಆದರೆ ಮಂದೆ ಬಂದರೆ ನೆಲದ ಮೇಲೆ ಒಂದು ಕಡ್ಡಿ ಉಳಿಯುವುದಿಲ್ಲ. ನಾನು ಬೇಡ ಅಂದೆ. ಅಪ್ಪನ ಕಾಲದಿಂದ ಬರುತ್ತಿದ್ದ ಕುರಿಯವನು ಮಂದೆ ತಿರುಗಿಸಿಕೊಂಡು ಹೋದ. ಅವನ ಬೆನ್ನು ನೋಡುವಾಗ ನನಗೆ ನನ್ನ ಮೇಲೇ ಸಿಟ್ಟು ಬಂತು.

ಎಲ್ಲಕ್ಕಿಂತ ದೊಡ್ಡ ಜಗಳ ಜೋಳದ ಸುಗ್ಗಿಯಲ್ಲಿ ಆಯಿತು. ನಮ್ಮಲ್ಲಿ ಜೋಳ ಕೊಯ್ಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ. ಕಣಿಕೆ, ಅಂದರೆ ದಂಟು, ಉದ್ದ ಸಿಗುತ್ತದೆ, ದನಕ್ಕೆ ಒಂದು ಗೇಣು ಮೇವೂ ಹಾಳಾಗುವುದಿಲ್ಲ. ನಾನು ಕುಡುಗೋಲು ಕೊಟ್ಟು, ಮೊಣಕಾಲ ಮಟ್ಟಕ್ಕೆ ಕೊಯ್ಯಿರಿ, ಬೇರು ನೆಲದಲ್ಲೇ ಇರಲಿ ಅಂದೆ. ಬಂದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದನದ ಬಾಯಿಂದ ಕಸಿದು ಮಣ್ಣಿಗೆ ಹಾಕುವ ಪಾಪ ತಮ್ಮ ಕೈಯಿಂದ ಆಗುವುದಿಲ್ಲ ಎಂದು ಹಿರಿಯಳೊಬ್ಬಳು ಕುಡುಗೋಲು ಬದುವಿನ ಮೇಲೆ ಇಟ್ಟು ಹೋದಳು. ಉಳಿದವರೂ ಅವಳ ಹಿಂದೆ ಹೋದರು. ಆ ವರ್ಷದ ಜೋಳ ಗಂಡಹೆಂಡಿರೇ ಕೊಯ್ದೆವು. ಅರ್ಧ ಇಲಿ ತಿಂದವು, ಅವಕ್ಕೆ ಕಸದ ಅಡಿಯಲ್ಲಿ ಭರ್ಜರಿ ಮನೆ ಸಿಕ್ಕಿತ್ತು.

ನಾನು ಸುಮ್ಮನಿರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದೆ, ಚಹಾದ ಅಂಗಡಿಯಲ್ಲಿ ಹೇಳಿದೆ, ಮದುವೆಯ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳಿದೆ. ನೆಲ ಮುಚ್ಚಿದ್ದರೆ ತೇವ ಉಳಿಯುತ್ತದೆ, ಮಣ್ಣು ಹರಿದು ಹೋಗುವುದಿಲ್ಲ, ಹಳ್ಳದ ಮೂಲೆಗೆ ಬಂದು ನೋಡಿರಿ ಅಂದೆ. ಎಲ್ಲರೂ ಗೋಣು ಹಾಕಿದರು. ಬರೋಬರಿ ಐತಿ ಅಂದರು. ಯಾರೂ ವಾದ ಮಾಡಲಿಲ್ಲ, ಯಾರೂ ಬಂದು ನೋಡಲೂ ಇಲ್ಲ. ವಾದ ಮಾಡಿದ್ದರೆ ನನಗೆ ಎಷ್ಟೋ ಬೇಕಾಗಿತ್ತು. ಆ ಮೃದುವಾದ ಗೋಣಿನ ಅರ್ಥ ಏನೆಂದು ನನಗೆ ಗೊತ್ತಾಗಲಿಕ್ಕೆ ಇನ್ನೂ ಸಮಯವಿತ್ತು.

ಮೂರನೇ ವರ್ಷ ಹೊಲ ಮಾತು ಕೇಳಲು ಶುರುಮಾಡಿತು. ಹೆಸರಿನ ಬುಡದಲ್ಲಿ ಕಸ ಕಡಿಮೆಯಾಗಿತ್ತು. ದೊಡ್ಡ ಮಳೆಯ ದಿನ ನಾನು ಬೇಕೆಂದೇ ಕೊಡೆ ಹಿಡಿದು ಬದುವಿನ ಮೇಲೆ ನಿಂತೆ. ಕಾಕಾನ ಹೊಲದಿಂದ ಚಹಾ ಹರಿಯುತ್ತಿತ್ತು, ನನ್ನ ಹೊಲದಿಂದ ಬಂದದ್ದು ತಿಳಿನೀರು, ಅದೂ ಒಂದಿಷ್ಟೇ. ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಣಗಿದ ಗಿಡ ಸರಿಸಿ ಕೈ ಊರಿದಳು. ಮಣಿಕಟ್ಟಿನ ತನಕ ಕೈ ಇಳಿಯಿತು. ಎರೆಹುಳುಗಳನ್ನು ನೋಡಿ ಅಯ್ಯ ಅಂದು ಕೈ ಕೊಡವಿಕೊಂಡಳು. ಮತ್ತೆ ಊರಿದಳು. ಈ ವರ್ಷ ಜೋಳ ಎದೆಮಟ್ಟ ಬರಲಿಲ್ಲವೆಂದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ ಅಂದೆ. ಜೋಳ ಬಂದರೆ ಒಂದು ರವಿವಾರ ತನ್ನನ್ನು ಸುಮ್ಮನೆ ಮಲಗಲಿಕ್ಕೆ ಬಿಟ್ಟರೆ ಸಾಕು ಅಂದಳು ಅವಳು.

ಜೋಳ ಬಿತ್ತುವ ಹದ ಬರಲು ಇನ್ನು ಕೆಲವು ದಿನ ಇದ್ದಾಗ ಕಾರ್ಖಾನೆಯಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಕಾಲು ಜಾರಿ ಬಿದ್ದೆ. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಸುದ್ದಿ ಊರಿಗೆ ಹೋಯಿತು. ಕಾಕಾ ಫೋನು ಮಾಡಿ, ಹೊಲದ ಚಿಂತೆ ಬಿಡು, ನಾವಿದ್ದೇವೆ ಅಂದರು. ನನ್ನ ತೆಳ್ಳನೆಯ ತಾಳಿನ ಕೂರಿಗೆ ಎಲ್ಲಿಟ್ಟಿದೆ ಎಂದು ಅವರಿಗೆ ಗೊತ್ತಿತ್ತು. ಎತ್ತು ಹೂಡಿ ಬಿತ್ತಿಕೊಡುತ್ತಾರೆ ಎಂದುಕೊಂಡೆ. ಅವರ ಮಾತು ಕೇಳಿ ಕಣ್ಣು ತುಂಬಿ ಬಂದವು.

ಎರಡು ದಿನ ಬಿಟ್ಟು ಮಧ್ಯಾಹ್ನ ಫೋನಿಗೆ ಒಂದು ವಿಡಿಯೊ ಬಂತು, ಊರಿನ ಯಾರೋ ಕಳಿಸಿದ್ದು. ಹೆಂಡತಿ ನನ್ನ ಮುಖದ ಮುಂದೆ ಹಿಡಿದಳು. ಟ್ರ್ಯಾಕ್ಟರುಗಳು, ಎತ್ತುಗಳು, ಓಣಿಯ ಗಂಡಸರೆಲ್ಲ. ಯಾವ ಹೊಲ ಇದು ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ಹಳ್ಳದ ದಂಡೆಯ ಬನ್ನಿಗಿಡ ಕಂಡಿತು. ರಂಟಿಯ ಹಿಂದೆ ಕಪ್ಪು ಮಣ್ಣು ಹೊರಳಿ ಹೊರಳಿ ಬೀಳುತ್ತಿತ್ತು, ಮೂರು ವರ್ಷದ ಕೂಳೆ, ಕಡ್ಡಿ, ಬೇರು ಎಲ್ಲ ಒಳಗೆ ಹೂತುಹೋಗುತ್ತಿತ್ತು. ಹಿಂದೆ ಬಿಳಿ ಕೊಕ್ಕರೆಗಳ ಸಾಲು. ಹುಳ ಹೆಕ್ಕುತ್ತಿದ್ದವು. ಕಡೆಗೆ ಕಾಕಾನ ಬೆವರಿದ ಮುಖ ಹತ್ತಿರ ಬಂತು. “ನೋಡಪಾ, ನಿನ್ನ ಹೊಲಾ ಹಸನ ಮಾಡಾಕತ್ತೀವಿ. ನೀ ಆರಾಮ ಮಲಕೋ” ಅಂದಿತು.

ನಿಲ್ಲಿಸಿ ಎಂದು ನಾನು ಆ ಫೋನಿಗೆ ಕೂಗಿದೆ. ಹಿಂದೆಯೇ ಮಾಡಿಟ್ಟ ವಿಡಿಯೊ ಅದು, ಅದಕ್ಕೆ ಏನು ಕೇಳುತ್ತದೆ? ಕಾಕಾಗೆ ಫೋನು ಹಚ್ಚಿದೆವು. ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಅಂಗಿಯ ಕಿಸೆಯಲ್ಲಿಟ್ಟು ಅಂಗಿ ಗಿಡಕ್ಕೆ ನೇತುಹಾಕಿದ್ದರಂತೆ. ವಿಡಿಯೊ ಕಳಿಸಿದವನಿಗೆ ಹಚ್ಚಿದರೆ ಟ್ರ್ಯಾಕ್ಟರಿನ ಸದ್ದಿನಲ್ಲಿ ಅವನಿಗೆ ನನ್ನ ಮಾತು ತಿಳಿಯಲಿಲ್ಲ. ಹೂಂ ಅಣ್ಣಾ, ಹೂಂ ಅಣ್ಣಾ, ಇನ್ನೊಂದ ಸಾಲ ಹೊಡೀತೀವಿ ಅಂದ. ಮಂಚದಿಂದ ಇಳಿಯಹೋದೆ, ಹೆಂಡತಿ ಭುಜ ಒತ್ತಿ ಹಿಡಿದಳು. ಪ್ಲಾಸ್ಟರ್ ಕಾಲು ಮಂಚದ ಪಟ್ಟಿಗೆ ಬಡಿದು ಜೀವ ಹೋದಂತಾಯಿತು. ಕಾಕಾ ಫೋನು ಎತ್ತಿದಾಗ ಹೊತ್ತು ಮುಳುಗುತ್ತಿತ್ತು, ಎಲ್ಲ ಮುಗಿದಿತ್ತು.

ಅವರಿಗೆ ನಾನು ಏನು ಹೇಳಿದೆ? ಭಾಳ ಉಪಕಾರ ಆತು ಕಾಕಾ ಅಂದೆ. ಬೇರೆ ಏನು ಹೇಳಲಿ? ಊರಿನವರೆಲ್ಲ ತಮ್ಮ ತಮ್ಮ ಕೆಲಸ ಬಿಟ್ಟು, ತಮ್ಮ ಡೀಸೆಲ್ ಸುಟ್ಟು, ಕಾಲು ಮುರಿದು ಬಿದ್ದವನ ಹೊಲಕ್ಕೆ ಬಂದಿದ್ದರು. ಅಂಥವರನ್ನು ಬೈದರೆ ನಾಲಿಗೆಗೆ ಹುಳ ಬೀಳುತ್ತದೆ. ಫೋನು ಇಟ್ಟ ಮೇಲೆ ದಿಂಬು ಕಚ್ಚಿದೆ. ಹೆಂಡತಿ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಹೊರಗೆ ಬಂದಾಗ ಅವಳ ಮುಖ ಒಣಗಿತ್ತು.

“ಮೂರು ವರ್ಷದ ರವಿವಾರ, ಒಂದ ದಿನದಾಗ ಹೂತಬಿಟ್ಟರು ನೋಡ್ರಿ” ಅಂದಳು.

ಬಾಡಿಗೆ ಗಾಡಿ ಮಾಡಿಕೊಂಡು ಹೋಗಿ ನೋಡಿದೆ. ಹೊಲ ಕಂಬಳಿಯ ಹಾಗೆ ಇತ್ತು. ರಂಟಿ ಹೊಡೆದು, ಮೇಲೆ ಕುಂಟಿಯನ್ನೂ ಹೊಡೆದು, ಬದುವಿನ ಕಸ ಸಹ ಕೆತ್ತಿ ತೆಗೆದಿದ್ದರು. ಹಳ್ಳದ ಮೂಲೆಯಲ್ಲಿ ಮಾತ್ರ ಟ್ರ್ಯಾಕ್ಟರು ಹೂತುಕೊಳ್ಳುತ್ತದೆ ಎಂದು ಒಂದು ಪಟ್ಟಿ ಹಾಗೇ ಬಿಟ್ಟಿದ್ದರು, ಅದಕ್ಕಾಗಿ ನನ್ನ ಕ್ಷಮೆ ಕೇಳಿದರು. ದಾರಿಯಲ್ಲಿ ಹೋಗುವವರು ನಿಂತು ಹೊಲ ನೋಡಿ ನನ್ನ ಕಡೆ ನಗುತ್ತಿದ್ದರು. ಮೂರು ವರ್ಷದ ಮೇಲೆ ನನ್ನೂರಲ್ಲಿ ನನಗೆ ಮಾನ ಬಂದಿತ್ತು. ಆ ನಗೆಗೆ ನಾನೂ ಹಲ್ಲು ಕಿರಿದೆ, ಬಗಲಲ್ಲಿ ಊರುಗೋಲು ಒತ್ತುತ್ತಿತ್ತು.

ಆಮೇಲೆ ಮಳೆ ಬರಲಿಲ್ಲ. ಬುಡಮೇಲಾದ ಮಣ್ಣು ಬಿಸಿಲಿಗೆ ಬಿದ್ದು ಅದರ ತೇವ ಹಾರಿಹೋಯಿತು. ಕಾಕಾ ಬಿತ್ತಿಕೊಟ್ಟ ಜೋಳ ಅಲ್ಲೊಂದು ಇಲ್ಲೊಂದು ಎದ್ದಿತು. ಹಳ್ಳದ ಮೂಲೆಯ ಆ ಪಟ್ಟಿಯಲ್ಲಿ ಮಾತ್ರ ಒತ್ತಾಗಿ ಎದ್ದಿತು.

ಇಷ್ಟೇ ಆಗಿದ್ದರೆ ಹಲ್ಲು ಕಡಿದು ಸುಮ್ಮನಿರಬಹುದಿತ್ತು. ಆದರೆ ಹೊಲಕ್ಕೆ ಮುಯ್ಯಿ ಬಂದವರಿಗೆ ಊಟ ಹಾಕಬೇಕು, ಹಾಕದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ರವಿವಾರ ಹೊಲದಲ್ಲೇ ಗೋದಿ ಹುಗ್ಗಿ ಮಾಡಿಸಿದೆವು. ನನ್ನ ಹೊಲ ಹಾಳು ಮಾಡಿದವರಿಗೆ ನನ್ನ ಹೆಂಡತಿ ಬಗ್ಗಿ ಬಗ್ಗಿ ತುಪ್ಪ ಬಡಿಸಿದಳು. ಎದುರಿಗೆ ಆ ಬೋಳು ಜೋಳ. ನಾನು ಹಳ್ಳದ ಪಟ್ಟಿಯನ್ನು ತೋರಿಸಿದೆ. ಅಲ್ಲಿ ಹಳ್ಳದ ತಂಪು ಇರುತ್ತದೆ ಎಂದು ಒಬ್ಬ ಹೇಳಿದ. ಎಲ್ಲರೂ ಗೋಣು ಹಾಕಿದರು. ಹಳ್ಳ ಒಣಗಿ ಬಿರಿದಿತ್ತು.

ಕಾಕಾ ಹುಗ್ಗಿಯನ್ನು ಹಾಲಿನಲ್ಲಿ ಕಲಸುತ್ತ ಕೇಳಿದರು, “ಏನ ಹಾಕಿದ್ದೆಪಾ ಹೊಲಕ್ಕ? ರಂಟಿ ಹಿಂಗ ಬೆಣ್ಣ್ಯಾಗ ಹೋದಂಗ ಹೋತು. ನಮ್ಮ ಹೊಲದಾಗ ಎತ್ತಿನ ಬಾಯಾಗ ನೊರಿ ಬರತೈತಿ. ಅಂಥಾ ಮಣ್ಣು ನಾ ನೋಡೇ ಇಲ್ಲ.”

“ಏನೂ ಹಾಕಿಲ್ಲ ಕಾಕಾ. ರಂಟಿ ಹೊಡೀಲಿಲ್ಲ, ಅದಕ್ಕ ಹಂಗಾಗಿತ್ತು.”

ಕಾಕಾ ನಕ್ಕರು. ಅಣಕದ ನಗೆಯಲ್ಲ, ಅಪ್ಪ ನಗುತ್ತಿದ್ದಂಥದ್ದೇ.

“ಇರಲಿ ಬಿಡು, ಇನ್ನೂ ಅದನ್ನ ಎಷ್ಟ ದಿನಾ ಹೇಳ್ತಿ? ಮಚ್ಛೆದಾಗ ದುಡಿಯಾಂವಗ ಹೊಲ ಮಾಡಾಕ ಪುರಸೊತ್ತ ಎಲ್ಲೈತಿ? ಆಳ ಹಚ್ಚಾಕ ಆಗೂದಿಲ್ಲ, ನಮ್ಮನ್ನ ಕೇಳಾಕ ನಾಚಿಕಿ. ಅದಕ್ಕ ಬಿಟ್ಟರ ಛಲೋ ಅಂತ ಕಥಿ ಹೇಳಕೋತ ಬಂದಿ. ನಮಗ ತಿಳಿಯೂದಿಲ್ಲೇನು? ಕೇಳಲಾರದ ನಾವ ಬಂದ್ವಿ.”

ಸುತ್ತ ಕೂತವರೆಲ್ಲ ನನ್ನ ಕಡೆ ಮೃದುವಾಗಿ ನೋಡುತ್ತಿದ್ದರು. ಕಟ್ಟೆಯ ಮೇಲೆ, ಚಹಾದ ಅಂಗಡಿಯಲ್ಲಿ ಅವರು ಗೋಣು ಹಾಕಿದ್ದು ಇದಕ್ಕೇ. ನನ್ನ ಮಾತು ಅವರಿಗೆ ತಿಳಿಯದೆ ಹೋಗಿರಲಿಲ್ಲ, ಅದು ಬಡತನ ಮುಚ್ಚಿಕೊಳ್ಳುವವನ ಮಾತು ಅಂತ ಅವರು ತಿಳಿದಿದ್ದರು. ನನ್ನ ಮಾನ ಹೋಗಬಾರದೆಂದು ಮೂರು ವರ್ಷ ಒಬ್ಬರೂ ಎದುರಾಡಲಿಲ್ಲ. ಓರೆ ತುಟಿಯ ಹಿಂದೆ ಇದ್ದದ್ದು ಕರುಣೆ ಅಂತ ತಿಳಿದಾಗ ಸಿಟ್ಟು ನನ್ನ ನೆತ್ತಿಗೇರಿತು. ಅವರು ನನ್ನನ್ನು ಹುಚ್ಚ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಕಾಕಾ, ಇನ್ನ ಮ್ಯಾಲೆ ನನ್ನ ಹೊಲಕ್ಕ ಯಾರೂ ರಂಟಿ ಹಚ್ಚಬ್ಯಾಡ್ರಿ” ಅಂದೆ. ಧ್ವನಿ ಬೇಕಾದ್ದಕ್ಕಿಂತ ಏರಿತ್ತು. “ನಾ ಸತ್ತರೂ ಹಚ್ಚಬ್ಯಾಡ್ರಿ.”

ಹೆಂಡತಿಯ ಸೌಟು ಬೋಗುಣಿಯಲ್ಲೇ ನಿಂತಿತು. ಕೆಲವರು ತಾಟು ನೋಡತೊಡಗಿದರು. ಕಾಕಾ ಉಳಿದ ಹುಗ್ಗಿಯನ್ನು ಒಂದು ಅಗುಳೂ ಬಿಡದೆ ಉಂಡರು. ಬೋಳು ಜೋಳವನ್ನು ಒಂದು ಸಲ, ಹಳ್ಳದ ಕಡೆ ಒಂದು ಸಲ ನೋಡಿದರು. ಏನು ತಿಳಿದುಕೊಂಡರೋ ನನಗೆ ಗೊತ್ತಿಲ್ಲ. ಎದ್ದು ಕೈ ತೊಳೆದು, ಟವೆಲಿಗೆ ಒರೆಸಿಕೊಂಡು ಬಂದು ನನ್ನ ಎದುರಿಗೆ ನಿಂತರು.

“ಆತು, ಹಚ್ಚೂದಿಲ್ಲ. ಆದರ ಮುಯ್ಯಿ ನಿನ್ನ ಮ್ಯಾಲೆ ಐತಿ. ಅದನ್ನ ಬ್ಯಾಡ ಅನಬ್ಯಾಡ.”

ಅಷ್ಟು ಹೇಳಿ ಹೋದರು. ಉಳಿದವರೂ ಎಲೆಅಡಿಕೆ ತೆಗೆದುಕೊಂಡು ಎದ್ದರು. ದೊಡ್ಡ ಪಾತ್ರೆಯ ತಳದಲ್ಲಿ ಉಳಿದ ಹುಗ್ಗಿಯನ್ನು ನಾವಿಬ್ಬರು ಎರಡು ದಿನ ಬೆಳಗಾವಿಯಲ್ಲಿ ಕೂತು ತಿಂದೆವು. ನೀವು ಹೇಳಿದ್ದು ಬರೋಬರಿ, ಹೇಳಿದ ರೀತಿ ಸರಿಯಿಲ್ಲ ಎಂದು ಹೆಂಡತಿ ಅಂದಳು. ಸರಿಯಾದ ರೀತಿಯಲ್ಲಿ ಮೂರು ವರ್ಷ ಹೇಳಿದ್ದೆನಲ್ಲ, ಏನಾಯಿತು ಎಂದು ಅವಳ ಮೇಲೆ ಹರಿಹಾಯ್ದೆ.

ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಕಾಕಾನ ಕಣ್ಣಿನ ಪೊರೆ ತೆಗೆಸುವುದು ಬಂತು. ಬೆಳಗಾವಿಯಲ್ಲಿ ನಮ್ಮ ಮನೆಯಲ್ಲೇ ಉಳಿದುಕೊಂಡು ತೆಗೆಸಿಕೊಂಡರು. ಹೊಲದ ಸುದ್ದಿ ನಾವಿಬ್ಬರೂ ಎತ್ತಲಿಲ್ಲ. ಧೂಳಿಗೆ ಹೋಗಬಾರದು, ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಅದು ಬೇಸಿಗೆಯ ರಂಟಿಯ ವೇಳೆ. ಊರಿನವರು ಕಾಕಾನ ಹೊಲಕ್ಕೆ ಬರುವ ರವಿವಾರದ ದಿನ ಹಿಡಿದದ್ದು ನನ್ನ ಕಿವಿಗೂ ಬಿತ್ತು. ನನಗೆ ಯಾರೂ ಫೋನು ಮಾಡಿ ಕರೆಯಲಿಲ್ಲ. ಕರೆಯುವುದು ಪದ್ಧತಿಯಲ್ಲ, ಬರುವುದು ಪದ್ಧತಿ.

ಹೋಗಬಾರದು ಅಂದುಕೊಂಡೆ. ಒಬ್ಬರ ಹೊಲ ಹಾಳಾಗುತ್ತದೆಂದು ಗೊತ್ತಿದ್ದೂ ಕೈಯಾರೆ ಹಾಳು ಮಾಡಿಬರುವುದು ಯಾವ ನ್ಯಾಯ? ಅವರ ಮಣ್ಣು ಹಳ್ಳ ಸೇರುವುದನ್ನು ನಾನು ಕೊಡೆ ಹಿಡಿದು ನಿಂತು ನೋಡಿದವನು. ಹೆಂಡತಿ ಬೆಳಿಗ್ಗೆ ರೊಟ್ಟಿ ಕಟ್ಟಿಟ್ಟಳು. ನಾನು ಬಸ್ಸು ಹತ್ತಿದೆ.

ಊರಿನವರು ನನ್ನನ್ನು ನೋಡಿ ದಾರಿ ಬಿಟ್ಟರು. ಟ್ರ್ಯಾಕ್ಟರುಗಳು ಆ ಕಡೆಯಿಂದ ಶುರು ಮಾಡಿದ್ದವು. ಈ ಕಡೆ, ನನ್ನ ಬದುವಿನ ಪಕ್ಕ, ಕಾಕಾನ ಎತ್ತು ಹೂಡಿ ರಂಟಿ ಕಟ್ಟಿ ನಿಲ್ಲಿಸಿದ್ದರು, ಯಾರೂ ಹಿಡಿದಿರಲಿಲ್ಲ. ಅದು ನನಗೆ ಅಂತ ಬಿಟ್ಟದ್ದು. ಕಾಕಾ ಕರಿ ಕನ್ನಡಕ ಹಾಕಿ, ಮುಖಕ್ಕೆಲ್ಲ ಟವೆಲು ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದರು. ಡಾಕ್ಟರ ಮಾತು ಅಷ್ಟರಮಟ್ಟಿಗೆ ನಡೆಸಿದ್ದರು. ನಾನು ಚಪ್ಪಲಿ ಬಿಟ್ಟು ರಂಟಿಯ ಹಿಡಿ ಹಿಡಿದೆ. ಮುರಿದ ಕಾಲು ಇನ್ನೂ ಸಣ್ಣಗೆ ಎಳೆಯುತ್ತಿತ್ತು.

ಬಸ್ಸಿನಲ್ಲಿ ಒಂದು ಉಪಾಯ ಹೊಳೆದಿತ್ತು. ಮೇಲೆ ಮೇಲೆ ಗೀರಿಬಿಟ್ಟರೆ ಮುಯ್ಯಿಯೂ ತೀರಿತು, ಮಣ್ಣೂ ಉಳಿಯಿತು. ಕಾಕಾಗೆ ಈಗ ಸರಿಯಾಗಿ ಕಾಣುವುದಿಲ್ಲ, ಸಂಜೆಗೆ ನೋಡುವವರು ಯಾರು? ಹಿಡಿಯ ಮೇಲೆ ಭಾರ ಹಾಕದೆ ಒಂದು ಸಾಲು ಹೋಗಿ ತಿರುಗಿ ಬಂದೆ. ಎತ್ತುಗಳಿಗೂ ಹಗುರಾಗಿತ್ತು. ಕಾಕಾ ಟವೆಲಿನ ಒಳಗಿಂದ ಕಿವಿಗೊಟ್ಟು ಕೇಳುತ್ತಿದ್ದರು.

“ಮ್ಯಾಲ ಮ್ಯಾಲ ಹೊಂಟೈತಿ” ಅಂದರು. “ಸಪ್ಪಳ ಕೇಳಿದರ ತಿಳೀತೈತಿ. ಬ್ಯಾರೆದವರ ಹೊಲಾ ಮಾಡಿದಂಗ ಮಾಡಬ್ಯಾಡೋ ತಮ್ಮಾ. ಒತ್ತಿ ಹಿಡಿ.”

ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಬದುವಿನ ಆಚೆ ನನ್ನ ಹೊಲದಲ್ಲಿ ಮೊಣಕಾಲು ಎತ್ತರದ ಕೂಳೆ ಅಲ್ಲಲ್ಲಿ ನಿಂತಿತ್ತು, ಮತ್ತೆ ಮೊದಲನೇ ವರ್ಷದಿಂದ ಶುರು ಮಾಡಿದ್ದೆ. ಅದನ್ನು ನೋಡಿದೆ, ಟವೆಲು ಸುತ್ತಿದ ಆ ಮುಖವನ್ನು ನೋಡಿದೆ. ಎತ್ತು ತಿರುಗಿಸಿ ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದೆ. ಮನೆಯ ಒಲೆಕಲ್ಲಿನಷ್ಟು ದೊಡ್ಡ ಹೆಂಟೆಗಳು ಎದ್ದು ಬಿದ್ದವು. ಎತ್ತಿನ ಬಾಯಿಯಲ್ಲಿ ನೊರೆ ಬಂತು. ನಿಲ್ಲಿಸಲಿಲ್ಲ. ಹೊತ್ತು ಮುಳುಗುವುದರೊಳಗೆ ನನಗೆ ಬಿಟ್ಟ ಈ ಕಡೆಯ ಪಾಲು ಪೂರಾ ಮುಗಿಸಿದೆ. ಊರಿನವರು ಬಂದು ಸಾಲಿನಲ್ಲಿ ಗೇಣು ಹಾಕಿ ನೋಡಿದರು. ಅಷ್ಟು ಆಳದ ರಂಟಿ ಆ ಬೇಸಿಗೆ ನಮ್ಮೂರಲ್ಲಿ ಬೇರೆ ಯಾರೂ ಹೊಡೆದಿರಲಿಲ್ಲ.